ಮೇಷ್ಟರ ಬಟ್ಟೆಮಾತು

"ಹರೀರ್," ಎಂದರು ಅತಾವುಲ್ಲಾ ಮೇಷ್ಟರು, ಅನ್ನದ ತಟ್ಟೆಯನ್ನು ಎಡಗೈಯಿಂದ ದೂರ ತಳ್ಳುತ್ತ.

ಮಗಳು ಪರಂದ್ ಎದ್ದು ಒಳಕೋಣೆಗೆ ಹೋದಳು. ಅಮ್ಮನ ಪೆಟ್ಟಿಗೆ ತೆಗೆದು, ಮದುವೆಮನೆಗಳಿಗೆಂದೇ ಮಡಿಸಿಟ್ಟಿದ್ದ ಶಿರವಸ್ತ್ರ ತಂದು ಅಪ್ಪನ ಮಡಿಲಲ್ಲಿಟ್ಟಳು. ಹರೀರ್ ಎಂದರೆ ರೇಷ್ಮೆ, ಅದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಮೇಷ್ಟರು ಆ ರೇಷ್ಮೆಯನ್ನು ನೋಡಿದರು, ಮಗಳ ಮುಖ ನೋಡಿದರು, ಕಣ್ಣು ಮುಚ್ಚಿ ಗೋಡೆಗೆ ಒರಗಿದರು.

ಅಡುಗೆಮನೆಯ ಬಾಗಿಲಲ್ಲಿ ಶೌಕತ್ ಖಾನಂ ಸೌಟು ಹಿಡಿದು ನಿಂತಿದ್ದರು.

"ಊಟಕ್ಕೆ ಕೂತ ಗಂಡಸಿಗೆ ಶಿರವಸ್ತ್ರ ಕೊಡ್ತೀಯಲ್ಲೇ. ಹೊದ್ಕೊಂಡು ಯಾರ ಮದುವೆಗೆ ಹೋಗ್ಬೇಕು ಅವರು?"

"ಹರೀರ್ ಅಂದ್ರಮ್ಮ. ನೀನೇ ಕೇಳಿಸ್ಕೊಂಡೆಯಲ್ಲ."

"ಕೇಳಿಸ್ಕೊಂಡೆ. ಹಸಿದೋನು ಕೇಳೋದು ಹರೀರ್ ಅಲ್ಲ, ಹರೀರೆ ಕಣೆ. ಬಾದಾಮಿ ಗಂಜಿ. ರೇಷ್ಮೆ ಹಾಗೆ ಗಂಟಲಲ್ಲಿ ಜಾರುತ್ತೆ ಅಂತ ತಾನೇ ಅದಕ್ಕೆ ಆ ಹೆಸರು ಇಟ್ಟಿರೋದು. ಅನ್ನ ನುಂಗೋಕೆ ಆಗ್ತಿಲ್ಲ ಅವರಿಗೆ. ಬಾದಾಮಿ ಡಬ್ಬಿ ಇಳಿಸು."

ಗಂಜಿ ಕುದಿದು, ಪನ್ನೀರು ಬಿದ್ದು, ಮನೆಯೆಲ್ಲ ಘಮ್ಮೆಂದಾಗ ಮೇಷ್ಟರು ಕಣ್ಣು ತೆರೆದರು. ಬಟ್ಟಲು ಖಾಲಿಯಾಗುವವರೆಗೂ ತಲೆಯೆತ್ತಲಿಲ್ಲ.

ಚಳಿ ಶುರುವಾಗುವ ಹೊತ್ತಿಗೆ ಅವರಿಗೆ ಲಕ್ವ ಹೊಡೆದಿತ್ತು. ಬಲಗೈ ಸೋತಿತು, ಬಲಗಾಲು ಎಳೆಯತೊಡಗಿತು. ಅದಕ್ಕಿಂತ ಹೆಚ್ಚಾಗಿ ಮಾತು ಹೋಯಿತು. ಕಾಶಾನ್ ಪಟ್ಟಣದ ಹುಡುಗರ ಪ್ರೌಢಶಾಲೆಯಲ್ಲಿ ಒಂದು ಜೀವಮಾನ ಹಳೆಯ ಕಾವ್ಯ ಪಾಠ ಮಾಡಿದವರು ಅವರು. ಊರಿನ ಬೇಕರಿಯವನಿಂದ ಹಿಡಿದು ನ್ಯಾಯಾಧೀಶರವರೆಗೆ ಎಲ್ಲರೂ ಒಂದಲ್ಲ ಒಂದು ಕಾಲಕ್ಕೆ ಅವರಿಂದ ಕಿವಿ ಹಿಂಡಿಸಿಕೊಂಡವರೇ. ಅಂಥವರಿಗೆ ಈಗ ನೀರು, ಕಿಟಕಿ, ಚಪ್ಪಲಿ ಎಂಬ ಮಾತುಗಳು ನಾಲಗೆಗೆ ಸಿಗುತ್ತಿರಲಿಲ್ಲ. ಬಹಳ ದಿನ ಒಂದು ಶಬ್ದವೂ ಹೊರಡಲಿಲ್ಲ. ಆಮೇಲೆ ಒಂದು ಬೆಳಿಗ್ಗೆ, ಕಂಬಳಿ ಹೊದಿಸಲು ಬಂದ ಹೆಂಡತಿಗೆ "ದೀಬಾ" ಎಂದಿದ್ದರು. ದೀಬಾ ಎಂದರೆ ಜರತಾರಿ ರೇಷ್ಮೆ, ಹಳೆಯ ಕವಿಗಳು ಅರಮನೆಗಳಲ್ಲಿ ಹಾಸುವ ಬಟ್ಟೆ. ಆ ಕಂಬಳಿಯೋ, ಬೆಕ್ಕು ಮಲಗಿ ಮಲಗಿ ಉಣ್ಣೆ ಕಿತ್ತುಬಂದಿದ್ದ ಕಂಬಳಿ.

ಅಲ್ಲಿಂದ ಬಂದದ್ದೆಲ್ಲ ಬಟ್ಟೆಯ ಮಾತೇ. ಪಾಠ ಮಾಡುವಾಗ ಅವರಿಗೆ ಅತಿ ಪ್ರೀತಿಯಾಗಿದ್ದದ್ದೂ ಅವೇ. ಒಂದು ಪದ್ಯದಲ್ಲಿ ಬಟ್ಟೆಯ ಹೆಸರು ಬಂದರೆ ಆ ದಿನದ ಪಾಠ ಅಲ್ಲಿಗೇ ನಿಲ್ಲುತ್ತಿತ್ತು: ಅದು ಯಾವ ಊರಿನ ನೇಯ್ಗೆ, ಯಾವ ಭಾಷೆಯಿಂದ ನಡೆದು ಬಂತು, ಕವಿ ಅದನ್ನೇ ಏಕೆ ಆರಿಸಿದ. ಲಕ್ವ ಉಳಿದ ಕೋಣೆಗಳನ್ನೆಲ್ಲ ದೋಚಿ, ಆ ಒಂದು ಕಪಾಟನ್ನು ಮಾತ್ರ ಮರೆತು ಹೋದಂತಿತ್ತು. ನುಣ್ಣನೆಯ ಮೊಸರು 'ಅತ್ಲಸ್' ಆಯಿತು. ದಿಂಬನ್ನು 'ಖಾರಾ' ಎಂದರು. ಆ ಮಾತಿಗೆ ಅಲೆಯಲೆ ಹೊಳಪಿನ ರೇಷ್ಮೆ ಎಂದೂ ಅರ್ಥ, ಗಟ್ಟಿ ಕಲ್ಲು ಎಂದೂ ಅರ್ಥ. ಶೌಕತ್ ಖಾನಂ ದಿಂಬನ್ನು ಒತ್ತಿ ನೋಡಿ, "ಕಲ್ಲೇ ಅಂದಿದ್ದಾರೆ, ಬಿಡು," ಎಂದು ಹೊಸ ಹತ್ತಿ ತುಂಬಿದರು. ಊರ ಉಸಾಬರಿ ಮಾತಾಡುವ ಪಕ್ಕದ ಮನೆಯವನು ಬಂದು ಕೂತರೆ ಮೇಷ್ಟರು ಮೆಲ್ಲಗೆ "ಕರ್ಬಾಸ್" ಎನ್ನುತ್ತಿದ್ದರು. ಒರಟು ಹತ್ತಿ ಬಟ್ಟೆ. ಪಕ್ಕದ ಮನೆಯವನು ಅದನ್ನು ಹೊಗಳಿಕೆಯೆಂದುಕೊಂಡು ಇನ್ನೂ ಹೆಚ್ಚು ಹೊತ್ತು ಕೂರುತ್ತಿದ್ದ.

ಹೆಂಡತಿಯನ್ನು ಕರೆಯುತ್ತಿದ್ದದ್ದು 'ಕತಾನ್' ಎಂದು. ನಾರುಬಟ್ಟೆ.

"ಅದ್ಯಾಕೆ ನಾನು ನಾರುಬಟ್ಟೆ?" ಎಂದು ಶೌಕತ್ ಖಾನಂ ಮಗಳನ್ನು ಕೇಳಿದ್ದರು.

"ಬೆಳದಿಂಗಳು ಬಿದ್ರೆ ಕತಾನ್ ಸವೆದು ಹರಿದುಹೋಗುತ್ತೆ ಅಂತ ಹಳೇ ಕವಿಗಳು ನಂಬಿದ್ರಂತಮ್ಮ. ಪ್ರಿಯತಮೆ ಚಂದ್ರ, ಪ್ರೇಮಿ ಕತಾನ್."

"ಓಹೋ. ಹಾಗಾದ್ರೆ ಇವರು ಚಂದ್ರ." ಶೌಕತ್ ಖಾನಂ ಗಂಡನ ಉದ್ದ ಮೂಗನ್ನು ದಿಟ್ಟಿಸಿದರು. "ಈ ಮೂಗು ಇಟ್ಕೊಂಡು. ಹೋಗ್ಲಿ, ನಾನು ಸವೆದಿರೋದಂತೂ ನಿಜ."

ಮೇಷ್ಟರ ತುಟಿಯ ಎಡ ಅಂಚು ಅಲುಗಿತ್ತು.

ಪರಂದ್‌ಗೆ ಮಾತ್ರ ಇದರಲ್ಲಿ ನಗು ಬರುತ್ತಿರಲಿಲ್ಲ. ಫೀನ್ ರಸ್ತೆಯಲ್ಲಿ ಅವಳಿಗೆ ಔಷಧಿ ಅಂಗಡಿಯಿತ್ತು. ಇಂಥ ಕಾಯಿಲೆಗೆ ಇಂಥ ಗುಳಿಗೆ ಎಂಬ ಲೋಕ ಅವಳದು. ಅದೂ ಅಲ್ಲದೆ ಅವಳ ಹೆಸರೇ ಒಂದು ಬಟ್ಟೆಯ ಹೆಸರು. ಪರಂದ್, ಚಿತ್ತಾರವಿಲ್ಲದ ಸಾದಾ ರೇಷ್ಮೆ. ಅವಳು ಹುಟ್ಟಿದಾಗ ನೆಂಟರು ಇನ್ನಷ್ಟು ಜಂಬದ ಹೆಸರು ಇಡಿ ಎಂದರೆ, "ಸಾದಾ ಇರಲಿ, ಚಿತ್ತಾರ ಅವಳೇ ಬಿಡಿಸ್ಕೊಳ್ಳಲಿ," ಎಂದಿದ್ದರಂತೆ ಅಪ್ಪ. ಈಗ ಅವರ ಬಾಯಲ್ಲಿ ಹತ್ತಾರು ಬಟ್ಟೆ ಬರುತ್ತಿದ್ದವು, ಅದೊಂದು ಬರುತ್ತಿರಲಿಲ್ಲ. ಒಂದು ಮಧ್ಯಾಹ್ನ ಒಳಗಿನಿಂದ "ಪರಂದ್" ಎಂಬ ಕೂಗು ಸ್ಪಷ್ಟವಾಗಿ ಕೇಳಿಸಿತು. ಅವಳು ಕೈಯಲ್ಲಿದ್ದ ಲೋಟ ಬಿಟ್ಟು ಓಡಿದಳು. ಅಪ್ಪ ಹಾಸಿಗೆಯಿಂದ ಜಾರಿಬಿದ್ದಿದ್ದ ಮೇಲುಹಾಸನ್ನು ಬೆರಳಿಟ್ಟು ತೋರಿಸುತ್ತಿದ್ದರು. ಅವಳು ಅದನ್ನೆತ್ತಿ ಹೊದಿಸಿ, ಅಂಗಳಕ್ಕೆ ಬಂದು, ಅಲ್ಲಿದ್ದ ಪುಟ್ಟ ಕೊಳದ ಕಟ್ಟೆಯ ಮೇಲೆ ಕೂತು ಅತ್ತಳು.

ಮಾತಿನ ಚಿಕಿತ್ಸೆಗೆ ಬರುತ್ತಿದ್ದ ಕಾಮ್ಯಾರ್ ಸಮಾಧಾನದ ಮನುಷ್ಯ. ಚಿತ್ರದ ಕಾರ್ಡುಗಳನ್ನು ಜೋಡಿಸಿ, ಮೇಷ್ಟರಿಗೆ ಬೇಸರವಾಗದಂತೆ ಹರಟುತ್ತ ಕೆಲಸ ಮಾಡುತ್ತಿದ್ದ. ಹೊರಡುವಾಗ ಒಂದು ದಿನ ಪರಂದ್‌ಗೆ ಹೇಳಿದ: "ಮೊದಲ ಕೆಲವು ತಿಂಗಳೇ ಮುಖ್ಯ ಖಾನಂ. ಆದಷ್ಟೂ ಸರಿಯಾದ ಹೆಸರು ಹೇಳೋಕೆ ಪ್ರಯತ್ನ ಪಡಿಸಿ. ಬೆರಳು ತೋರಿಸಿದ ತಕ್ಷಣ ಎತ್ತಿ ಕೊಟ್ಬಿಟ್ರೆ ನಾಲಗೆಗೆ ಕೆಲಸ ಇರಲ್ಲ."

ಅವನು ಹೇಳಿದ್ದು 'ಆದಷ್ಟೂ' ಎಂದು. ಪರಂದ್ ಅದನ್ನು ಕಾನೂನು ಮಾಡಿದಳು. ನೀರಿಗೆ ನೀರೇ ಎನ್ನಬೇಕು, ಇಲ್ಲದಿದ್ದರೆ ಲೋಟ ಮುಂದೆ ಬರುವುದಿಲ್ಲ. ಮೊಸರು ಅತ್ಲಸ್ ಅಲ್ಲ, ಮೊಸರು. "ಅಪ್ಪಾ, ಮೊ... ಮೊಸ... ಹೇಳು." ಮೇಷ್ಟರು ಬಾಯಿ ತೆರೆಯುತ್ತಿದ್ದರು, ಹಣೆಯಲ್ಲಿ ನರ ಉಬ್ಬುತ್ತಿತ್ತು, ಕೊನೆಗೆ "ಅತ್ಲ..." ಎಂದು ಅರ್ಧಕ್ಕೇ ತಡೆದು, ತಪ್ಪು ಮಾಡಿದ ಹುಡುಗನ ಹಾಗೆ ಮಗಳ ಮುಖ ನೋಡುತ್ತಿದ್ದರು.

"ಬಾಯಾರಿದೋನಿಗೆ ನೀರು ಕೊಡೋಕೂ ಪರೀಕ್ಷೆ ಇಡ್ತೀಯಾ?" ಎಂದರು ಶೌಕತ್ ಖಾನಂ.

"ನಿನಗೆ ಅರ್ಥ ಆಗುತ್ತೆ ಅಂತ ನೀನು ಸುಮ್ಮನಿದ್ದೀಯ. ಹೊರಗಿನವರಿಗೆ ಯಾರಿಗೆ ಅರ್ಥ ಆಗುತ್ತೆ? ನಾಳೆ ನೀನಿಲ್ಲದಿರುವಾಗ ಏನಾದ್ರೂ ನೋವು ಅಂದ್ರೆ, ಅದನ್ನೂ ಮಖಮಲ್ಲು ಅಂತಾರಾ?"

ಮಗಳು ಹೇಳುವುದರಲ್ಲೂ ನ್ಯಾಯವಿತ್ತು.

ಆದರೆ ಮೇಷ್ಟರು ಮಾತು ನಿಲ್ಲಿಸಿಬಿಟ್ಟರು. ಮೊದಲು ಮೊಸರು ಕೇಳುವುದನ್ನು ಬಿಟ್ಟರು, ಆಮೇಲೆ ನೀರು, ಆಮೇಲೆ ಹೆಂಡತಿಯನ್ನು ಕರೆಯುವುದನ್ನೂ. ಕಿಟಕಿಯ ಕಡೆ ಮುಖ ಮಾಡಿ ಕೂರುವರು. ಕೊಟ್ಟರೆ ತಿನ್ನುವರು, ಕೊಡದಿದ್ದರೆ ಇಲ್ಲ. ಪಕ್ಕದ ಮನೆಯವನು ಬಂದಾಗಲೂ ಕರ್ಬಾಸ್ ಎನ್ನಲಿಲ್ಲ. ಪರಂದ್ ಹೆದರಿ ಕಾಮ್ಯಾರ್‌ಗೆ ಫೋನ್ ಮಾಡಿದಳು. "ಅಯ್ಯೋ, ಅಷ್ಟು ಬಿಗಿ ಬೇಡ ಖಾನಂ," ಎಂದ ಅವನು. "ಸರಿ ತಪ್ಪು ಆಮೇಲೆ ನೋಡೋಣ. ಮೊದಲು ಬಾಯಿ ತೆರೀಲಿ. ಯಾವ ಮಾತಾದ್ರೂ ಬರಲಿ." ಆ ರಾತ್ರಿ ಅಮ್ಮ ಮಗಳು ಸೇರಿ ಮೊಸರನ್ನು ಅತ್ಲಸ್ ಎಂದೂ ಕಂಬಳಿಯನ್ನು ದೀಬಾ ಎಂದೂ ಎಷ್ಟು ಸಲ ಕರೆದರೂ ಮೇಷ್ಟರು ತಿರುಗಿ ನೋಡಲಿಲ್ಲ.

ಹೊಸವರ್ಷದ ನೌರೂಜ್ ಹಬ್ಬಕ್ಕೆ ಮನೆ ಗುಡಿಸಿ ತೊಳೆಯುವ ದಿನಗಳು ಬಂದವು. ಅಂಗಳದಲ್ಲಿ ಜಮಖಾನೆಗಳು ಒಣಗುತ್ತಿದ್ದವು. ಶೌಕತ್ ಖಾನಂ ಗೋಡೆಯ ಕನ್ನಡಿಯನ್ನು ಒರೆಸಲು ಇಳಿಸಿ, ಗಂಡನ ಎದುರಿಗಿದ್ದ ಗೂಡಿನಲ್ಲಿ ಒರಗಿಸಿಟ್ಟು ಹೋಗಿದ್ದರು. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ದನಿ ಕೇಳಿಸಿತು.

"ಶಅರ್."

ಪರಂದ್ ಪೊರಕೆ ಹಿಡಿದೇ ಬಂದಳು. "ಏನಪ್ಪಾ? ಇನ್ನೊಂದ್ಸಲ ಹೇಳು."

"ಶಅರ್," ಎಂದರು ಮೇಷ್ಟರು. ಕಣ್ಣಲ್ಲಿ ನೀರಿತ್ತು.

ಪದ್ಯಕ್ಕೆ ಶೆಅರ್ ಎನ್ನುತ್ತಾರೆ. ಶಅರ್, ಶೆಅರ್, ಬರೆದರೆ ಎರಡಕ್ಕೂ ಅವೇ ಅಕ್ಷರ. ನಾಲಗೆ ಒಂದಿಷ್ಟು ಹೊರಳಿದರೆ ಅದು ಇದಾಗುತ್ತದೆ. ಲಕ್ವದ ನಾಲಗೆ ಹೊರಳಿದೆ, ಅಷ್ಟೆ, ಎಂದುಕೊಂಡಳು ಪರಂದ್. ಅಪ್ಪ ಬಟ್ಟೆಗಳನ್ನು ದಾಟಿ ಕೊನೆಗೆ ಬೇರೊಂದು ಮಾತು ಆಡಿದ್ದಾರೆ, ಪದ್ಯ ಬೇಕು ಅನ್ನುತ್ತಿದ್ದಾರೆ. ಪ್ರತಿ ಶುಕ್ರವಾರ ಸಂಜೆ ಈ ಮನೆಯಲ್ಲಿ ನಡೆಯುತ್ತಿದ್ದ ಕಾವ್ಯಗೋಷ್ಠಿ ಲಕ್ವ ಹೊಡೆದ ದಿನದಿಂದ ನಿಂತಿತ್ತು. ಪನ್ನೀರಿನ ವ್ಯಾಪಾರಿ ಹಾಜಿ ರುಕ್ನುದ್ದೀನ್ ದಾರಿಯಲ್ಲಿ ಸಿಕ್ಕಾಗಲೆಲ್ಲ, "ನಾವು ಬರಬಹುದಾ ಮಗಳೇ?" ಎಂದು ಕೇಳುತ್ತಿದ್ದರು. ಪರಂದ್ ಅವರಿಗೆ ಹೇಳಿಕಳಿಸಿದಳು.

"ಬೇಡ ಕಣೆ," ಎಂದರು ಶೌಕತ್ ಖಾನಂ. "ನಾಲ್ಕು ಜನರ ಎದುರಿಗೆ ಕೂರೋಕೆ ಅವರಿಗೆ ಮನಸ್ಸಿದೆಯೋ ಇಲ್ವೋ."

"ಅವರೇ ಕೇಳಿದ್ರಲ್ಲಮ್ಮ."

ಶುಕ್ರವಾರ ಮಧ್ಯಾಹ್ನ ಇಳಿಬಿಸಿಲಿಗೆ ಹಾಜಿ ರುಕ್ನುದ್ದೀನ್ ಇನ್ನಿಬ್ಬರು ಹಳೆಯ ಸ್ನೇಹಿತರೊಂದಿಗೆ ಬಂದರು. ಹೊಸ ಅಂಗಿ, ಕೈಯಲ್ಲಿ ಮಿಠಾಯಿಯ ಪೊಟ್ಟಣ. ಅಂಗಳದ ಮಂಚದ ಮೇಲೆ ಮೇಷ್ಟರನ್ನು ಕೂರಿಸಿ ಸುತ್ತ ಕೂತರು. ಹಾಜಿ ಗಂಟಲು ಸರಿಮಾಡಿಕೊಂಡು, ಪ್ರಿಯೆಯ ಜಡೆಯನ್ನು ಕಪ್ಪು ರೇಷ್ಮೆಗೆ ಹೋಲಿಸುವ ಒಂದು ಪದ್ಯ ಎತ್ತಿಕೊಂಡರು. ಅರ್ಧಕ್ಕೆ ನಿಲ್ಲಿಸಿ ಕಾಯುವುದು ಹಳೆಯ ಪದ್ಧತಿ. ಉಳಿದ ಅರ್ಧ ಯಾವಾಗಲೂ ಮೇಷ್ಟರದು.

ಮೇಷ್ಟರು ತಲೆ ತಗ್ಗಿಸಿದರು.

ಹಾಜಿ ಇನ್ನೊಂದು ಸಾಲು ಹೇಳಿದರು. ಇನ್ನೊಬ್ಬರು ಮತ್ತೊಂದು. ಮೇಷ್ಟರ ಉಸಿರು ಜೋರಾಯಿತು. "ಶಅರ್," ಎಂದರು. "ಹೌದೌದು, ಶೆಅರ್," ಎಂದು ಹಾಜಿ ಉತ್ಸಾಹದಿಂದ ಮತ್ತೂ ಒಂದು ಎತ್ತಿದರು. ಮೇಷ್ಟರು ಎಡಗೈ ಎತ್ತಿ ತಲೆಗೆ ಹೊಡೆದುಕೊಂಡರು. ಮತ್ತೆ ಹೊಡೆದುಕೊಂಡರು. "ಶಅರ್, ಶಅರ್," ಎನ್ನುತ್ತ ತಲೆಯನ್ನು ಹಿಡಿದು ಎಳೆದಾಡತೊಡಗಿದರು.

ಪರಂದ್ ರಕ್ತದೊತ್ತಡದ ಯಂತ್ರ ತರಲು ಓಡಿದಳು. ತಲೆನೋವು, ಎರಡನೇ ಸಲ ಲಕ್ವ ಹೊಡೆಯುತ್ತಿದೆ ಎಂದುಕೊಂಡಳು ಅವಳು. ಹಾಜಿ ರುಕ್ನುದ್ದೀನ್ ಕರವಸ್ತ್ರದಿಂದ ಕಣ್ಣೊರೆಸಿಕೊಂಡು, "ಪದ್ಯ ಎಲ್ಲ ತಲೆಯಿಂದ ಹೋಯ್ತು ಅಂತ ಅಳ್ತಿದ್ದಾರೆ ಪಾಪ. ನಾವು ಬರಬಾರದಿತ್ತು," ಎಂದು ಎದ್ದು ನಿಂತರು.

ಶೌಕತ್ ಖಾನಂ ಚಹದ ತಟ್ಟೆ ಹಿಡಿದು ಬಂದವರು ಬಾಗಿಲಲ್ಲೇ ನಿಂತರು. ಮೊದಲ ಬಾರಿಗೆ, ಬಂದವರ ಕಣ್ಣಿನಿಂದ ಗಂಡನನ್ನು ನೋಡಿದರು. ಕಿವಿಯ ಮೇಲೆ ಜೋತ ಬಿಳಿ ಕೂದಲು, ಕಾಲರಿನ ಮೇಲೆ ಸುರುಳಿ. ಇಸ್ತ್ರಿಯಿಲ್ಲದ ಅಂಗಿ ತೊಟ್ಟರೂ ಗುರುವಾರದ ಕ್ಷೌರ ತಪ್ಪಿಸದ ಮನುಷ್ಯ. ಶುಕ್ರವಾರ ಕಾವ್ಯ ಇದೆ, ಕಾಡುಮನುಷ್ಯನ ಹಾಗೆ ಕೂರೋಕಾಗುತ್ತಾ ಎನ್ನುತ್ತಿದ್ದವರು.

ಶೌಕತ್ ಖಾನಂಗೆ ತಟ್ಟನೆ ತಮ್ಮ ಅಪ್ಪನ ಮಗ್ಗದ ಮನೆ ಕಣ್ಣಿಗೆ ಬಂತು. ತೆಳು ರೇಷ್ಮೆ ನೇಯುವವರನ್ನು ಕಾಶಾನಿನಲ್ಲಿ ಶಅರ್‌ಬಾಫ್ ಎನ್ನುತ್ತಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದ ಮೇಷ್ಟರೊಬ್ಬರು ಪುಸ್ತಕ ಹಿಡಿದು ಆ ಮಗ್ಗದ ಗುಣಿಯ ಅಂಚಿಗೆ ಬಂದು ಕೂತಿದ್ದರು.

"ಉಸ್ತಾದ್, ಈ ಪದ್ಯದಲ್ಲಿ ಶಅರ್ ಅಂತ ಬರುತ್ತೆ. ನೀವು ನೇಯೋ ಬಟ್ಟೆನಾ, ತಲೆ ಕೂದಲಾ, ತಿಳೀತಿಲ್ಲ."

"ನನಗೇನು ಗೊತ್ತು ಮಗಾ," ಎಂದಿದ್ದರು ಅಪ್ಪ. "ಕೂದಲೆಳೆ ಹಾಗೆ ಸಣ್ಣಗೆ ನೂತಿದ್ದಕ್ಕೆ ಬಟ್ಟೆಗೂ ಅದೇ ಹೆಸರು ಬಂತೋ ಏನೋ."

ಹಿಂದೆ ಕೂತು ನೂಲು ಸುತ್ತುತ್ತಿದ್ದ ಹುಡುಗಿಗೆ ನಾಲಗೆ ತಡೆಯಲಾಗಲಿಲ್ಲ. "ಕಾಗದ ಮುಟ್ಟಿದ್ರೆ ಹೇಗೆ ತಿಳಿಯುತ್ತೆ? ಬಟ್ಟೆ ಮುಟ್ಟಿ ನೋಡಲಿ. ಕೂದಲು ಬೇಕಾದ್ರೆ ಅವರದೇ ತಲೆ ಮೇಲಿದೆ."

ಮೇಷ್ಟರು ಮರುವಾರ ಮತ್ತೊಂದು ಮಾತು ಹಿಡಿದು ಬಂದರು. ಅದರ ಮರುವಾರ ಇನ್ನೊಂದು. ಕೊನೆಗೆ ಅಪ್ಪನೇ, "ನಿನ್ನ ಪುಸ್ತಕದಲ್ಲಿ ಮಾತು ಮುಗಿಯಲ್ಲ, ನಮ್ಮನೇಲಿ ಚಹಾ ಮುಗೀತಾ ಬಂತು. ಏನು ಕೇಳೋಕೆ ಬರ್ತಿದ್ದೀಯೋ ಅದನ್ನ ಕೇಳಿಬಿಡು," ಎಂದಿದ್ದರು.

ಶೌಕತ್ ಖಾನಂ ಚಹದ ತಟ್ಟೆಯನ್ನು ಕೊಳದ ಕಟ್ಟೆಯ ಮೇಲಿಟ್ಟರು.

"ಕೂತ್ಕೊಳ್ಳಿ ಹಾಜಿ ಆಗಾ. ಯಾರೂ ಎಲ್ಲಿಗೂ ಹೋಗೋದು ಬೇಡ. ನೀವು ಪದ್ಯದ ಮೇಲೆ ಪದ್ಯ ಹೇಳ್ತಿದ್ದೀರಿ, ಇವರು ಕೇಳ್ತಿರೋದು ಕ್ಷೌರ."

ಯಾರಿಗೂ ತಕ್ಷಣ ತಿಳಿಯಲಿಲ್ಲ. ಅವರು ಗಂಡನ ಬಳಿ ಹೋಗಿ, ಕಿವಿಯ ಮೇಲಿನ ಕೂದಲನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು.

"ಶಅರ್?"

ಮೇಷ್ಟರ ಕೈ ತಲೆಯಿಂದ ಕೆಳಗಿಳಿಯಿತು. ಆಮೇಲೆ ಗಂಟಲಲ್ಲೊಂದು ಸದ್ದು ಬಂತು. ಯಂತ್ರ ಹಿಡಿದು ಓಡಿಬಂದ ಪರಂದ್ ಅದನ್ನು ಅಳು ಎಂದುಕೊಂಡಳು. ಅಪ್ಪ ನಗುತ್ತಿದ್ದರು, ಮುಖದ ಅರ್ಧ ಮಾತ್ರ ಒಪ್ಪಿಕೊಂಡ ನಗು. ಹಾಜಿ ರುಕ್ನುದ್ದೀನ್ ಹಣೆ ಹಣೆ ಚಚ್ಚಿಕೊಂಡರು. "ನಾನು ಇವರ ಎದುರಿಗೆ ಜಡೆ ಪದ್ಯವನ್ನೇ ಓದಿದೆನಲ್ಲಪ್ಪಾ," ಎಂದು ಅವರೂ ನಗತೊಡಗಿದರು.

ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಬಂತು. ಮೇಷ್ಟರ ಹೆಗಲಿಗೆ ಹಾಸಿಗೆಯ ಮೇಲುಹಾಸು ಸುತ್ತಿದರು. ಸ್ನೇಹಿತರು ಹೊರಡಲು ಮತ್ತೊಮ್ಮೆ ಎದ್ದಾಗ, "ಚಹಾ ಕುಡೀದೆ ಹೋದ್ರೆ ಮುಂದಿನ ವಾರ ನಿಮ್ಮ ತಲೆಗೂ ಇದೇ ಕತ್ತರಿ," ಎಂದರು ಶೌಕತ್ ಖಾನಂ. ಅವರು ಕೂತರು. ಕತ್ತರಿ ಕಚಕಚ ಎನ್ನುತ್ತಿದ್ದಂತೆ ಹಳೆಯ ಅಭ್ಯಾಸದಂತೆ ವಾದ ಶುರುವಾಯಿತು. ಮೊದಲು ಹುಟ್ಟಿದ್ದು ಯಾವುದು, ಕೂದಲಾ, ಬಟ್ಟೆಯಾ, ಪದ್ಯವಾ?

"ಪದ್ಯಕ್ಕೂ ಕೂದಲಿಗೂ ಸಂಬಂಧ ಇಲ್ಲ," ಎಂದರು ಹಾಜಿ. "ಶೆಅರ್ ಬಂದಿರೋದು ಅರಿವಿನಿಂದ. ಅರಿತವನು ಕವಿ."

"ಕೂದಲೆಳೆಯಷ್ಟು ಸಣ್ಣದನ್ನ ಅರಿತವನು ಅನ್ನಿ," ಎಂದರು ಇನ್ನೊಬ್ಬರು.

"ಅದು ನಿಮ್ಮ ಜಾಣತನ, ಅರ್ಥ ಅಲ್ಲ. ಹೀಗೇ ಬಿಟ್ರೆ ನಾಳೆ ಪರ್ನಿಯಾನ್ ಸಾದಾ ರೇಷ್ಮೆ, ಪರಂದ್ ಚಿತ್ತಾರದ ರೇಷ್ಮೆ ಅಂತ ಉಲ್ಟಾ ಹೇಳ್ತೀರಿ."

"ಅಲ್ವಾ ಮತ್ತೆ? ಹಾಗೇ ತಾನೇ?"

"ಅಲ್ಲ," ಎಂದರು ಮೇಷ್ಟರು.

ಕತ್ತರಿ ನಿಂತಿತು. ಮೇಷ್ಟರು ಎಡಗೈಯನ್ನು ಮೇಲುಹಾಸಿನ ಕೆಳಗಿನಿಂದ ಹೊರತೆಗೆದು, ತರಗತಿಯಲ್ಲಿ ಎತ್ತುತ್ತಿದ್ದ ಹಾಗೆ ತೋರುಬೆರಳು ಎತ್ತಿದರು. "ಪರಂದ್..." ಎಂದರು. ಹಣೆಯ ನರ ಉಬ್ಬಿತು. ಯಾರೂ ಸಹಾಯಕ್ಕೆ ಹೋಗಲಿಲ್ಲ. ಪರಂದ್ ಯಂತ್ರವನ್ನು ಎದೆಗವಚಿಕೊಂಡು ನಿಂತಿದ್ದಳು. "ಪರಂದ್... ಸಾದಾ."

"ಸಾದಾ," ಎಂದರು ಹಾಜಿ ರುಕ್ನುದ್ದೀನ್ ಮೆಲ್ಲಗೆ. "ಒಪ್ಪಿದೆ ಮೇಷ್ಟರೇ."

ಪರಂದ್ ಯಂತ್ರವನ್ನು ಮಂಚದ ಮೇಲಿಟ್ಟಳು. ಒಳಗೆ ಹೋಗಿ ಲೋಟ ತುಂಬ ನೀರು ತಂದು, ಯಾವ ಹೆಸರನ್ನೂ ಕೇಳದೆ, ಅಪ್ಪನ ತುಟಿಗೆ ಹಿಡಿದಳು. ಅವರು ಕುಡಿದು, ಒದ್ದೆ ಗಲ್ಲವನ್ನು ಅವಳ ತೋಳಿಗೆ ಒರೆಸಿದರು.

ಮುಂದಿನ ಶುಕ್ರವಾರ ಬರುತ್ತೇವೆಂದು ಹೇಳಿ ಸ್ನೇಹಿತರು ಹೊರಟಾಗ ಬಿಸಿಲು ಎದುರುಗೋಡೆಯ ಅರ್ಧಕ್ಕೆ ಏರಿತ್ತು. ಹೆಂಡತಿ ಮಾಡಿದ ಕ್ಷೌರ ಒಂದು ಕಡೆ ಏರು, ಒಂದು ಕಡೆ ಇಳಿಜಾರಾಗಿತ್ತು. ಆದರೂ ಮೇಷ್ಟರು ಕುತ್ತಿಗೆ ನೆಟ್ಟಗೆ ಮಾಡಿ ಕೂತಿದ್ದರು. ಮಂಚದ ಸುತ್ತ ಇಟ್ಟಿಗೆಯ ನೆಲದ ಮೇಲೆ ಬಿಳಿ ಕೂದಲು ಚೆಲ್ಲಾಡಿತ್ತು, ಸಣ್ಣ ಗಾಳಿಗೆ ಅತ್ತಿತ್ತ ಸರಿಯುತ್ತಿತ್ತು. ಶೌಕತ್ ಖಾನಂ ಪೊರಕೆ ತಂದು ಬಗ್ಗಿದರು.

ಮೇಷ್ಟರ ಎಡಗೈ ಅವರ ತೋಳನ್ನು ಹಿಡಿಯಿತು.

"ಇರಲಿ," ಎಂದರು.

ಅದು ಯಾವ ಬಟ್ಟೆಯ ಹೆಸರೂ ಆಗಿರಲಿಲ್ಲ. ಶೌಕತ್ ಖಾನಂ ಪೊರಕೆಯನ್ನು ಹಾಗೇ ಹಿಡಿದು, ಗಂಡ ನೋಡುತ್ತಿದ್ದ ಕಡೆ ನೋಡಿದರು. ದಾಳಿಂಬೆ ಗಿಡದಿಂದ ಒಂದು ಗುಬ್ಬಿ ಇಳಿದು ಬಂದಿತ್ತು. ಅದು ಕತ್ತು ಓರೆ ಮಾಡಿ ಒಂದು ಎಳೆ ಎತ್ತಿತು, ಬಿಟ್ಟಿತು, ಅದಕ್ಕಿಂತ ಉದ್ದದ್ದೊಂದನ್ನು ಆರಿಸಿತು. ಕೊಕ್ಕಿನ ಎರಡೂ ಕಡೆ ಬಿಳಿ ಎಳೆ ಇಳಿಬಿಟ್ಟುಕೊಂಡು ಹಾರಿ, ಸೂರಿನ ಸಂದಿಯೊಳಗೆ ಹೊಕ್ಕಿತು. ಸ್ವಲ್ಪ ಹೊತ್ತಿಗೆ ಇನ್ನೊಂದು ಬಂತು.